ಪ್ಯಾಕೇಜ್‌ಗಳ ಜಗಳಕ್ಕೆ ಯಾವ ಮದ್ದು: ರಿಪೇರಿಯೋ, ಫ್ಲಾಟ್‌ಪ್ಯಾಕೋ, ಹೊಸ ಇನ್‌ಸ್ಟಾಲೋ?

ಕಳೆದ ಡಿಸೆಂಬರ್‌ನ ಒಂದು ಸಂಜೆ. ಉಡುಪಿಯಲ್ಲಿ ಡಿಟಿಪಿ ಅಂಗಡಿ ಇಟ್ಟಿರುವ ಸ್ನೇಹಿತರ ಫೋನ್ ಬಂತು. "ಎಂತ ಆಯ್ತೋ ಗೊತ್ತಿಲ್ಲ ಮಾರಾಯ್ರೆ. ಚಿತ್ರ ತಿದ್ದುವ ಜಿಂಪ್ ಹೊಸತು ಹಾಕುವ ಅಂತ ಹೊರಟೆ. ಈಗ ಹಳತೂ ಇಲ್ಲ, ಹೊಸತೂ ಇಲ್ಲ. ನಾಳೆ ಬೆಳಿಗ್ಗೆ ಹರಕೆ ಆಟದ ಹ್ಯಾಂಡ್‌ಬಿಲ್ ಕೊಡ್ಲಿಕ್ಕುಂಟು." ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಟವು ಅಂದರೆ, ಮೇ ತಿಂಗಳ ಪತ್ತನಾಜೆಯವರೆಗೆ ಅವರ ಅಂಗಡಿಗೆ ಬಿಡುವಿಲ್ಲ.

ಅದೇ ವಾರ ಸುರತ್ಕಲ್‌ನಲ್ಲಿ ಓದುವ ಅಕ್ಕನ ಮಗ ಲ್ಯಾಪ್‌ಟಾಪ್ ಹಿಡಿದುಕೊಂಡು ಮನೆಗೆ ಬಂದ. ಅವನ ರೋಬೋಟ್ ಪ್ರಾಜೆಕ್ಟ್‌ಗೆ ಆರ್‌ಒಎಸ್ 2 ಅನ್ನುವ ಸಾಫ್ಟ್‌ವೇರ್‌ನ 'ಹಂಬಲ್' ವರ್ಷನ್ ಬೇಕು. ಅದು ತಯಾರಾದದ್ದು ಉಬುಂಟು ಲಿನಕ್ಸ್‌ನ 22.04 ವರ್ಷನ್‌ಗೆ. ಅವನ ಹತ್ತಿರ ಇರುವುದು 24.04. "ಮಾವ, ಎಲ್ಲ ಅಳಿಸಿ ಹಳೆ ಉಬುಂಟು ಹಾಕ್ಲಾ?" ಅಂತ ಕೇಳಿದ.

ಇಬ್ಬರ ಪ್ರಶ್ನೆಯೂ ಒಂದೇ. ಇದ್ದದ್ದನ್ನೇ ಸರಿ ಮಾಡುವುದಾ, ಪಕ್ಕದಲ್ಲಿ ಬೇರೆ ರೀತಿಯಲ್ಲಿ ಹಾಕುವುದಾ, ಇಲ್ಲ ಎಲ್ಲ ಒರೆಸಿ ಮೊದಲಿಂದ ಶುರು ಮಾಡುವುದಾ? ಇಬ್ಬರಿಗೂ ನಾನು ಕೊಟ್ಟ ಉತ್ತರ ಬೇರೆ ಬೇರೆ. ಯಾಕೆ ಅನ್ನುವುದನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ. ಉಬುಂಟು, ಲಿನಕ್ಸ್ ಮಿಂಟ್, ಡೆಬಿಯನ್ ಮೂರಕ್ಕೂ ಇದು ಹೊಂದುತ್ತದೆ. ಮೂರರಲ್ಲೂ ಪ್ಯಾಕೇಜ್ (ಆ್ಯಪ್ ಅಥವಾ ಅದರ ಭಾಗದ ಕಟ್ಟು) ಹಾಕುವ, ತೆಗೆಯುವ ಕೆಲಸ ಮಾಡುವುದು ಡಿಪಿಕೆಜಿ ಮತ್ತು ಆಪ್ಟ್.

ಮೊದಲು ನೋಡಿ, ಇದು ನಿಜಕ್ಕೂ ಜಗಳವಾ?

ಕೆಂಪು ಅಕ್ಷರದ ಎರರ್ ಎಲ್ಲವೂ ಪ್ಯಾಕೇಜ್‌ಗಳ ಜಗಳ ಅಲ್ಲ. ನಮ್ಮೂರಿನ ಮಳೆಗಾಲದಲ್ಲಿ ಬರುವ ತೊಂದರೆ ಬೇರೆ. ಅಪ್‌ಡೇಟ್ ನಡೆಯುತ್ತಿರುವಾಗಲೇ ಕರೆಂಟ್ ಹೋಗುತ್ತದೆ, ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್ ಅಲ್ಲಿಗೇ ನಿಲ್ಲುತ್ತದೆ. ಮತ್ತೆ ಆನ್ ಮಾಡಿದಾಗ 'ಡಿಪಿಕೆಜಿ ವಾಸ್ ಇಂಟರಪ್ಟೆಡ್' ಅಂತ ಬರುತ್ತದೆ. ಇದು ಅರ್ಧಕ್ಕೆ ನಿಂತ ಕೆಲಸ ಅಷ್ಟೇ. ಯಾವ ಕಮಾಂಡ್ ಕೊಡಬೇಕು ಅಂತ ಆ ಸಾಲೇ ಹೇಳುತ್ತದೆ: ಡಿಪಿಕೆಜಿಯ 'ಕಾನ್ಫಿಗರ್ ಆಲ್'. ಅದನ್ನು ಕೊಟ್ಟು, ಆಮೇಲೆ ಆಪ್ಟ್‌ನ 'ಫಿಕ್ಸ್ ಬ್ರೋಕನ್ ಇನ್‌ಸ್ಟಾಲ್' ಓಡಿಸಿದರೆ ಹೆಚ್ಚಿನ ಸಲ ಐದು ನಿಮಿಷದಲ್ಲಿ ಮುಗಿಯುತ್ತದೆ.

'ಕುಡ್ ನಾಟ್ ಗೆಟ್ ಲಾಕ್' ಅಂತ ಬಂದರೂ ಗಾಬರಿ ಬೇಡ. ಹಿಂದೆ ಇನ್ನೊಂದು ಅಪ್‌ಡೇಟ್ ಓಡುತ್ತಿರುತ್ತದೆ. ಒಂದು ಕಾಫಿ ಕುಡಿದು ಬನ್ನಿ. ಆ ಲಾಕ್ ಫೈಲನ್ನು ಅಳಿಸಿ ಅಂತ ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. ಎರಡು ಕೆಲಸ ಒಟ್ಟಿಗೆ ಒಂದೇ ಪಟ್ಟಿಗೆ ಕೈ ಹಾಕಿದರೆ ಪಟ್ಟಿಯೇ ಕೆಡುತ್ತದೆ.

ನಿಜವಾದ ಜಗಳಕ್ಕೆ ಎರಡು ಗುರುತು. ಒಂದು, 'ಅನ್‌ಮೆಟ್ ಡಿಪೆಂಡೆನ್ಸೀಸ್': ಒಂದು ಪ್ಯಾಕೇಜ್ ಕೇಳುವ ಲೈಬ್ರರಿಯ (ಹಲವು ಆ್ಯಪ್‌ಗಳು ಹಂಚಿಕೊಳ್ಳುವ ಕೋಡ್‌ನ) ವರ್ಷನ್ ಸಿಗುತ್ತಿಲ್ಲ. ಇನ್ನೊಂದು, 'ಟ್ರೈಯಿಂಗ್ ಟು ಓವರ್‌ರೈಟ್': ಎರಡು ಪ್ಯಾಕೇಜ್‌ಗಳು ಒಂದೇ ಫೈಲ್ ತನ್ನದು ಅನ್ನುತ್ತಿವೆ. ಇವೆರಡರಲ್ಲಿ ಒಂದು ಕಂಡರೆ ಮುಂದೆ ಓದಿ.

ಯಾವುದನ್ನು ನೋಡಿ ಆರಿಸಬೇಕು?

ನಾನು ನಾಲ್ಕು ವಿಷಯ ನೋಡುತ್ತೇನೆ. ಅದರಲ್ಲಿ ಮೊದಲನೆಯದಕ್ಕೇ ಜಾಸ್ತಿ ತೂಕ.

ಜಗಳ ಯಾವ ಮಟ್ಟದಲ್ಲಿದೆ? ಜಿಂಪ್, ಇಂಕ್‌ಸ್ಕೇಪ್, ವಿಎಲ್‌ಸಿಯಂಥ ಒಂದು ಆ್ಯಪ್ ಮಾತ್ರ ಕೂಗುತ್ತಿದೆಯಾ? ಇಲ್ಲ ಕರ್ನಲ್ (ಲಿನಕ್ಸ್‌ನ ತಿರುಳು), ಗ್ರಾಫಿಕ್ಸ್ ಡ್ರೈವರ್, ಸಿ ಲೈಬ್ರರಿ, ಡೆಸ್ಕ್‌ಟಾಪ್ ಇವೇ ಅಲ್ಲಾಡುತ್ತಿವೆಯಾ? ಮೇಲಿನ ಮಟ್ಟದ್ದಾದರೆ ದಾರಿಗಳು ಬೇಕಾದಷ್ಟಿವೆ. ಅಡಿಪಾಯವೇ ಅಲ್ಲಾಡುತ್ತಿದ್ದರೆ ಮುಂದೆ ಹೇಳುವ ಫ್ಲಾಟ್‌ಪ್ಯಾಕ್, ಡಿಸ್ಟ್ರೋಬಾಕ್ಸ್ ಯಾವುದೂ ಕೈ ಹಿಡಿಯುವುದಿಲ್ಲ. ಅವೆಲ್ಲ ನಿಂತಿರುವುದೇ ಆ ಅಡಿಪಾಯದ ಮೇಲೆ, ಕರ್ನಲ್ ಎಲ್ಲರಿಗೂ ಒಂದೇ.

ನಿಮ್ಮ ಹತ್ತಿರ ಎಷ್ಟು ಹೊತ್ತಿದೆ? ನಾಳೆ ಬೆಳಿಗ್ಗೆ ಗಿರಾಕಿ ಬರುತ್ತಾರಾ, ಇಲ್ಲ ಶನಿವಾರ ಭಾನುವಾರ ಪೂರ್ತಿ ಖಾಲಿ ಇದ್ದೀರಾ?

ಡೇಟಾ ಮತ್ತು ಡಿಸ್ಕ್ ಎಷ್ಟಿದೆ? ಫೈಬರ್ ಇರುವ ಮನೆಗೂ ಬೆಳ್ತಂಗಡಿಯ ಒಳಗಿನ ಹಳ್ಳಿಯಲ್ಲಿ ಮೊಬೈಲ್ ಹಾಟ್‌ಸ್ಪಾಟ್ ನಂಬಿರುವ ಮನೆಗೂ ಒಂದೇ ಸಲಹೆ ಕೊಡಲಿಕ್ಕಾಗುವುದಿಲ್ಲ.

ಕೊನೆಯದು, ನಾಳೆ ಇದನ್ನು ನೋಡಿಕೊಳ್ಳುವವರು ಯಾರು? ಟರ್ಮಿನಲ್ ಮುಟ್ಟದ ಅಪ್ಪ ಅಮ್ಮನ ಕಂಪ್ಯೂಟರ್‌ಗೆ ಮಾಡಿದ ಚಾಣಾಕ್ಷ ರಿಪೇರಿ ಆರು ತಿಂಗಳ ನಂತರ ಅವರಿಗೇ ತೊಡಕಾಗಬಹುದು.

ದಾರಿ ಒಂದು: ಇದ್ದಲ್ಲೇ ಗಂಟು ಬಿಡಿಸುವುದು

ಖರ್ಚಿಲ್ಲ, ಡೇಟಾ ಕಡಿಮೆ ಸಾಕು. ತಾಳ್ಮೆ ಮಾತ್ರ ಬೇಕು. ನಾನು ನೋಡಿದ ಗಂಟುಗಳಲ್ಲಿ ಹೆಚ್ಚಿನವು ಹೊರಗಿನ ರೆಪಾಸಿಟರಿಯಿಂದ (ಪ್ಯಾಕೇಜ್‌ಗಳ ಉಗ್ರಾಣದಿಂದ), ಅಂದರೆ ಪಿಪಿಎಯಿಂದ, ಬಂದವು. ಉಡುಪಿಯ ಅಂಗಡಿಯಲ್ಲೂ ಅದೇ ಆಗಿತ್ತು. ಅದನ್ನು ಸ್ವಲ್ಪ ಹತ್ತಿರದಿಂದ ನೋಡೋಣ.

ಜಿಂಪ್ 3.0 ಬಂದದ್ದು 2025ರ ಮಾರ್ಚ್‌ನಲ್ಲಿ. ಅಂಗಡಿಯಲ್ಲಿದ್ದ ಮಿಂಟ್ 22ರ ಬುಡ ಉಬುಂಟು 24.04. ಅದರ ರೆಪಾಸಿಟರಿಯಲ್ಲಿ ಸಿಗುವುದು ಜಿಂಪ್ 2.10. ಹೊಸತು ಬೇಕು ಅಂತ ಅವರು ಒಂದು ಪಿಪಿಎ ಸೇರಿಸಿದರು. ಅದು ಜಿಂಪ್ ಜೊತೆಗೆ ಜೆಗಲ್, ಬಾಬ್ಲ್ ಅನ್ನುವ ಎರಡು ಲೈಬ್ರರಿಗಳ ಹೊಸ ವರ್ಷನ್ನನ್ನೂ ತಂದಿತು. ಚಿತ್ರದ ಬಣ್ಣದ ಲೆಕ್ಕ ಎಲ್ಲ ಮಾಡುವುದು ಇವೇ. ಹೊಸ ಜಿಂಪ್‌ನಲ್ಲಿ ಮೆನು ಎಲ್ಲ ಬೇರೆ ಜಾಗದಲ್ಲಿ ಕಂಡು ಇವರಿಗೆ ಹಿಡಿಸಲಿಲ್ಲ. ಪಿಪಿಎ ತೆಗೆದರು, ಜಿಂಪ್ ತೆಗೆದರು, ಹಳತನ್ನು ಮತ್ತೆ ಹಾಕಲು ಹೊರಟರು. ಆದರೆ ಜೆಗಲ್, ಬಾಬ್ಲ್ ಹೊಸ ವರ್ಷನ್‌ನಲ್ಲೇ ಕೂತಿದ್ದವು. ಪಿಪಿಎಯನ್ನು ಪಟ್ಟಿಯಿಂದ ತೆಗೆದರೆ ಅದು ತಂದ ಪ್ಯಾಕೇಜ್ ತಾನಾಗಿ ಹೋಗುವುದಿಲ್ಲ. ಹಳೆ ಜಿಂಪ್ ಜೊತೆ ಬರಬೇಕಾದ ಪ್ಯಾಕೇಜ್‌ಗಳು ಹಳತು, ಅವಕ್ಕೆ ಜೋಡಿಯಾಗಬೇಕಾದ ಇವು ಹೊಸತು. ಆಪ್ಟ್ ಕೈ ಎತ್ತಿತು.

ಇದನ್ನು ಕಂಡುಹಿಡಿಯುವುದು 'ಆಪ್ಟ್ ಪಾಲಿಸಿ' ಅನ್ನುವ ಕಮಾಂಡ್. ಅದರ ಮುಂದೆ ಲೈಬ್ರರಿಯ ಹೆಸರು ಕೊಟ್ಟರೆ ಈಗ ಇರುವ ವರ್ಷನ್ ಯಾವುದು, ಯಾವ ರೆಪಾಸಿಟರಿ ಯಾವುದನ್ನು ಕೊಡುತ್ತದೆ ಅಂತ ತೋರಿಸುತ್ತದೆ. ಇರುವ ವರ್ಷನ್‌ನ ಕೆಳಗೆ ಯಾವ ರೆಪಾಸಿಟರಿಯ ಹೆಸರೂ ಇಲ್ಲದೆ ನಿಮ್ಮ ಡಿಸ್ಕ್‌ನ ಡಿಪಿಕೆಜಿ ಸ್ಟೇಟಸ್ ಫೈಲ್ ಮಾತ್ರ ಕಂಡರೆ ಅದು ಅನಾಥ ಪ್ಯಾಕೇಜ್. ಕಳ್ಳ ಸಿಕ್ಕಿದ ಹಾಗೆ.

ಮಿಂಟ್‌ನಲ್ಲಿ ಇದಕ್ಕೆ ಟರ್ಮಿನಲ್ಲೂ ಬೇಡ. 'ಸಾಫ್ಟ್‌ವೇರ್ ಸೋರ್ಸಸ್' ತೆರೆದು 'ಮೇಂಟೆನೆನ್ಸ್'ಗೆ ಹೋದರೆ 'ಡೌನ್‌ಗ್ರೇಡ್ ಫಾರಿನ್ ಪ್ಯಾಕೇಜಸ್' ಅಂತ ಒಂದು ಬಟನ್ ಇದೆ. ಹೊರಗಿಂದ ಬಂದವುಗಳ ಪಟ್ಟಿ ಅಲ್ಲಿ ಬರುತ್ತದೆ, ಟಿಕ್ ಮಾಡಿ ಮಿಂಟ್‌ನ ಸ್ವಂತ ವರ್ಷನ್‌ಗೆ ಇಳಿಸಬಹುದು. ಇಷ್ಟು ಒಳ್ಳೆಯ ಬಟನ್ ಬಗ್ಗೆ ಮಿಂಟ್ ಬಳಸುವವರಲ್ಲೇ ಎಷ್ಟೋ ಜನರಿಗೆ ಗೊತ್ತಿಲ್ಲ. ಉಬುಂಟುನಲ್ಲಿ 'ಪಿಪಿಎ-ಪರ್ಜ್' ಅನ್ನುವ ಉಪಕರಣ ಇದೇ ಕೆಲಸ ಮಾಡುತ್ತದೆ, ಪಿಪಿಎಯನ್ನೂ ಅದೇ ತೆಗೆಯುತ್ತದೆ.

ಅದೂ ಆಗದಿದ್ದರೆ 'ಆಪ್ಟಿಟ್ಯೂಡ್' ಹಾಕಿ ನೋಡಿ. ಆಪ್ಟ್ 'ಆಗುವುದಿಲ್ಲ' ಅಂತ ನಿಲ್ಲಿಸುವ ಜಾಗದಲ್ಲಿ ಆಪ್ಟಿಟ್ಯೂಡ್ ಒಂದರ ಹಿಂದೆ ಒಂದು ಪರಿಹಾರ ಮುಂದಿಡುತ್ತದೆ. ಮೊದಲನೆಯದು ಹೆಚ್ಚಾಗಿ 'ಏನೂ ಮಾಡಬೇಡ, ಇದ್ದ ಹಾಗೆ ಇರಲಿ' ಅನ್ನುವ ಥರದ್ದು. ಬೇಡ ಅಂದರೆ ಎರಡನೆಯದು, ಮೂರನೆಯದು ಬರುತ್ತದೆ. ಪ್ರತಿಯೊಂದನ್ನೂ ಓದಿ ಒಪ್ಪಿ.

ಈ ದಾರಿಯ ಅಪಾಯ ಇರುವುದು ಒಂದೇ ಒಂದು ಸಾಲಿನಲ್ಲಿ: 'ಈ ಕೆಳಗಿನ ಪ್ಯಾಕೇಜ್‌ಗಳನ್ನು ತೆಗೆದುಹಾಕಲಾಗುವುದು'. ಆ ಪಟ್ಟಿಯಲ್ಲಿ ಸಿನಮನ್, ಗ್ನೋಮ್ ಶೆಲ್, ನೆಟ್‌ವರ್ಕ್ ಮ್ಯಾನೇಜರ್, ಝಾರ್ಗ್ ಇಂಥ ಹೆಸರು ಕಂಡರೆ ತಕ್ಷಣ 'ಎನ್' ಒತ್ತಿ. ಒಂದು ಸಣ್ಣ ಆ್ಯಪ್‌ಗೋಸ್ಕರ ಇಡೀ ಡೆಸ್ಕ್‌ಟಾಪ್ ಹೊರಡುತ್ತಿದೆ ಅಂತ ಅರ್ಥ. ಇಂಥದ್ದು ನಡೆಯುತ್ತದೆ. ಉಬುಂಟು 22.04ರಲ್ಲಿ ಆ್ಯಪ್‌ಇಮೇಜ್ (ಒಂದೇ ಫೈಲಿನ ಆ್ಯಪ್) ಓಡಿಸಲು 'ಲಿಬ್‌ಫ್ಯೂಸ್2' ಹಾಕುವ ಬದಲು 'ಫ್ಯೂಸ್' ಹಾಕಿದವರಿಗೆ, ಅದು ಫ್ಯೂಸ್3 ಜೊತೆ ಜಗಳವಾಡಿ, ಡೆಸ್ಕ್‌ಟಾಪಿನ ಮುಖ್ಯ ಭಾಗಗಳನ್ನೇ ಎಳೆದುಕೊಂಡು ಹೋಗಿದೆ. 24.04ರಲ್ಲಿ ಇನ್ನೊಂದು ಬದಲಾವಣೆ ಬಂತು. 2038ರ ಜನವರಿಯಲ್ಲಿ 32 ಬಿಟ್‌ನ ಸಮಯದ ಲೆಕ್ಕ ತುಂಬಿಹೋಗುತ್ತದೆ ಅಂತ, ತುಂಬಾ ಲೈಬ್ರರಿಗಳ ಹೆಸರಿನ ಕೊನೆಗೆ 'ಟಿ64' ಸೇರಿಸಿದರು. ಹಳೆ ಉಬುಂಟುವಿನ ಲೈಬ್ರರಿ ಫೈಲನ್ನು ಎಲ್ಲಿಂದಲೋ ಇಳಿಸಿ 24.04ಕ್ಕೆ ತುರುಕಲು ಹೋದರೆ ಅದು ಈ ಹೊಸ ಹೆಸರಿನವನ ಜೊತೆ ಕೂರುವುದಿಲ್ಲ. ತೆಗೆಯುವ ಪಟ್ಟಿ ಉದ್ದವಾಗುತ್ತದೆ.

ಆದ್ದರಿಂದ ಆಪ್ಟ್‌ಗೆ ಮೊದಲು 'ಸಿಮ್ಯುಲೇಟ್' ಹೇಳಿ ಓಡಿಸಿ. ಏನು ಮಾಡುತ್ತೇನೆ ಅಂತ ತೋರಿಸುತ್ತದೆ, ಮಾಡುವುದಿಲ್ಲ. 'ಫೋರ್ಸ್ ಓವರ್‌ರೈಟ್' ಅನ್ನುವ ಒತ್ತಾಯದ ದಾರಿಯನ್ನು, ಎರಡು ಪ್ಯಾಕೇಜ್‌ಗಳ ನಡುವಿನ ಫೈಲ್ ಯಾವುದು ಅಂತ ಪೂರ್ತಿ ಗೊತ್ತಿಲ್ಲದಿದ್ದರೆ ಹಿಡಿಯಬೇಡಿ.

ಪ್ರಿಂಟರ್ ಡ್ರೈವರ್, ವೈನ್ (ವಿಂಡೋಸ್‌ನ ಆ್ಯಪ್ ಓಡಿಸುವ ಉಪಕರಣ) ಹಾಕುವವರಿಗೆ ಇನ್ನೊಂದು ಮಾತು. ಇವು 32 ಬಿಟ್ ಲೈಬ್ರರಿ ಕೇಳುವುದುಂಟು. ಒಂದೇ ಲೈಬ್ರರಿಯ 32 ಬಿಟ್ ಮತ್ತು 64 ಬಿಟ್ ಎರಡೂ ಒಂದೇ ವರ್ಷನ್‌ನಲ್ಲಿರಬೇಕು. ಯಾವುದೋ ಪಿಪಿಎ 64 ಬಿಟ್‌ನದ್ದನ್ನು ಮಾತ್ರ ಮುಂದೆ ಕೊಂಡುಹೋಗಿದ್ದರೆ ವೈನ್ ಕೂರುವುದೇ ಇಲ್ಲ. ಎರರ್ ನೋಡಿದರೆ ವೈನ್‌ನ ತಪ್ಪು ಅನಿಸುತ್ತದೆ. ಮದ್ದು ಬೇಕಾದದ್ದು ಆ ಪಿಪಿಎಗೆ.

ದಾರಿ ಎರಡು: ಆ್ಯಪ್‌ಗೆ ಅದರದ್ದೇ ಪೆಟ್ಟಿಗೆ

ಫ್ಲಾಟ್‌ಪ್ಯಾಕ್, ಸ್ನ್ಯಾಪ್, ಆ್ಯಪ್‌ಇಮೇಜ್ ಮೂರರ ಆಲೋಚನೆ ಒಂದೇ. ಆ್ಯಪ್ ತನಗೆ ಬೇಕಾದ ಲೈಬ್ರರಿಯನ್ನು ತಾನೇ ತರುತ್ತದೆ, ನಿಮ್ಮ ಸಿಸ್ಟಂನ ಲೈಬ್ರರಿ ಮುಟ್ಟುವುದಿಲ್ಲ. ಜಗಳಕ್ಕೆ ಜಾಗವೇ ಇಲ್ಲ. ಹೊಸ ವರ್ಷನ್ ಬೇಕು ಅನ್ನುವ ಆಸೆಗೆ ಪಿಪಿಎಗಿಂತ ಇದು ನೂರು ಪಾಲು ವಾಸಿ. ಜಿಂಪ್‌ನವರೇ ಫ್ಲಾಟ್‌ಪ್ಯಾಕ್, ಆ್ಯಪ್‌ಇಮೇಜ್ ಎರಡನ್ನೂ ಕೊಡುತ್ತಾರೆ.

ಮೂರರಲ್ಲಿ ನನ್ನ ಒಲವು ಫ್ಲಾಟ್‌ಪ್ಯಾಕ್ ಕಡೆಗೆ. ಮಿಂಟ್‌ನಲ್ಲಿ ಮೊದಲೇ ಇರುತ್ತದೆ, ಸಾಫ್ಟ್‌ವೇರ್ ಮ್ಯಾನೇಜರ್‌ನಿಂದಲೇ ಹಾಕಬಹುದು. ಖರ್ಚಾಗುವುದು ಡೇಟಾ. ಮೊದಲ ಆ್ಯಪ್ ಹಾಕುವಾಗ ರನ್‌ಟೈಮ್ ಅನ್ನುವ ದೊಡ್ಡ ಕಟ್ಟು ಜೊತೆಗೆ ಇಳಿಯುತ್ತದೆ. ಆ್ಯಪ್‌ಗಿಂತ ಅದೇ ದೊಡ್ಡದಿರುತ್ತದೆ, ಒಟ್ಟು ಒಂದು ಜಿಬಿ ಹತ್ತಿರಕ್ಕೂ ಹೋಗಬಹುದು. ಎರಡನೇ ಆ್ಯಪ್ ಅದೇ ರನ್‌ಟೈಮ್ ಬಳಸಿದರೆ ಡೌನ್‌ಲೋಡ್ ತುಂಬಾ ಕಡಿಮೆ. ಹಾಟ್‌ಸ್ಪಾಟ್‌ನವರು ಸಂಬಂಧಿಕರ ಮನೆಯ ವೈಫೈಯಲ್ಲಿ ಒಮ್ಮೆ ಹಾಕಿಸಿಕೊಂಡು ಬನ್ನಿ.

ಡಿಟಿಪಿಯವರು ಕೇಳುವ ಮೊದಲ ಪ್ರಶ್ನೆ ಫಾಂಟ್‌ನದ್ದು. ಚಿಂತೆ ಬೇಡ. ಫ್ಲಾಟ್‌ಪ್ಯಾಕ್ ಆ್ಯಪ್‌ಗೆ ಸಿಸ್ಟಂನ ಫಾಂಟ್‌ಗಳೂ ನಿಮ್ಮ ಹೋಮ್ ಫೋಲ್ಡರ್‌ನಲ್ಲಿ ಹಾಕಿಕೊಂಡ ಫಾಂಟ್‌ಗಳೂ ಕಾಣುತ್ತವೆ. ಕನ್ನಡದ ಗುಬ್ಬಿ, ನವಿಲು ಫಾಂಟ್‌ಗಳೆರಡೂ ಸಿಗುತ್ತವೆ. ಆದರೆ ಸೆಟ್ಟಿಂಗ್, ಬ್ರಶ್, ಪ್ಲಗಿನ್ ಇವು ಹಳೆ ಜಾಗದಲ್ಲೇ ಉಳಿಯುತ್ತವೆ. ಫ್ಲಾಟ್‌ಪ್ಯಾಕ್ ತನ್ನದನ್ನು ಹೋಮ್‌ನ 'ಡಾಟ್ ವಾರ್' ಫೋಲ್ಡರ್‌ನಲ್ಲಿ ಬೇರೆ ಇಡುತ್ತದೆ. ಕೈಯಿಂದ ಕಾಪಿ ಮಾಡಬೇಕು. ಬ್ಯಾಕಪ್ ತೆಗೆಯುವಾಗ ಆ ಫೋಲ್ಡರನ್ನೂ ನೆನಪಿಡಿ. ಕನ್ನಡ ಟೈಪಿಂಗ್ ಸರಿ ಬರುತ್ತದಾ ಅಂತ ಹಾಕಿದ ಕೂಡಲೇ ಒಂದು ಸಾಲು, ಒತ್ತಕ್ಷರ ಇರುವ ಪದ ಸೇರಿಸಿ, ಹೊಡೆದು ನೋಡಿ. ಗಿರಾಕಿ ಎದುರು ಕೂತಾಗ ಗೊತ್ತಾಗುವುದು ಬೇಡ.

ಸ್ನ್ಯಾಪ್ ಉಬುಂಟುವಿನಲ್ಲಿ ಸುಲಭ, 22.04ರಿಂದ ಅದರ ಫೈರ್‌ಫಾಕ್ಸೇ ಸ್ನ್ಯಾಪ್. ಅಪ್‌ಡೇಟ್ ತಾನೇ ಆಗುತ್ತದೆ. ಟರ್ಮಿನಲ್ ಮುಟ್ಟದವರಿಗೆ ಇದು ವರ. ದಿನಕ್ಕೆ ನಾಲ್ಕು ಸಲ ಹೊಸದಿದೆಯಾ ಅಂತ ನೋಡುತ್ತದೆ. ಹಾಟ್‌ಸ್ಪಾಟ್‌ನವರಿಗೆ ಇದೇ ತಲೆನೋವು. ಹೋಲ್ಡ್ ಹಾಕಿ ತಡೆಯಬಹುದು. ಅಂಗಡಿಯವರಿಗೆ ಇನ್ನೊಂದು ತೊಡಕಿದೆ. ಗಿರಾಕಿ ಪೆನ್‌ಡ್ರೈವ್ ತಂದು ಚುಚ್ಚುತ್ತಾರೆ, ಸ್ನ್ಯಾಪ್ ಆ್ಯಪ್‌ಗೆ ಅದು ಕಾಣುವುದೇ ಇಲ್ಲ. 'ರಿಮೂವೆಬಲ್ ಮೀಡಿಯಾ' ಅನುಮತಿ ಕೊಟ್ಟರೆ ಮಾತ್ರ ಕಾಣುತ್ತದೆ. ಮಿಂಟ್‌ನವರು 2020ರಲ್ಲಿ, ಮಿಂಟ್ 20ರಿಂದ, ಸ್ನ್ಯಾಪನ್ನು ಬಾಗಿಲಲ್ಲೇ ತಡೆದಿದ್ದಾರೆ. ಮಿಂಟ್ ಬಳಸುವವರು ಅದನ್ನು ಬಿಡಿಸಿ ಹಾಕುವ ಗೋಜಿಗೆ ಹೋಗಬೇಡಿ.

ಆ್ಯಪ್‌ಇಮೇಜ್ ಅಂದರೆ ಒಂದೇ ಫೈಲ್. ಇಳಿಸಿ, ಓಡಿಸಲು ಅನುಮತಿ ಕೊಟ್ಟು, ಡಬಲ್ ಕ್ಲಿಕ್ ಮಾಡಿದರೆ ಆಯ್ತು. ಪೆನ್‌ಡ್ರೈವ್‌ನಲ್ಲಿ ಸ್ನೇಹಿತರಿಂದ ತಂದು ಹಾಕಬಹುದು. ಆದರೆ ಹೆಚ್ಚಿನವು ತಾವಾಗಿ ಅಪ್‌ಡೇಟ್ ಆಗುವುದಿಲ್ಲ. ಇವತ್ತು ರಾತ್ರಿ ಕೆಲಸ ಮುಗಿಯಬೇಕು ಅನ್ನುವಾಗ ಇದಕ್ಕಿಂತ ಬೇಗದ ದಾರಿ ಇಲ್ಲ. ಬ್ರೌಸರ್‌ಗೆ ಮಾತ್ರ ಇದನ್ನು ನಂಬಿ ಕೂರಬೇಡಿ. ಬ್ರೌಸರ್‌ಗೆ ಭದ್ರತೆಯ ಅಪ್‌ಡೇಟ್ ತಪ್ಪಬಾರದು.

ದಾರಿ ಮೂರು: ಒಳಗೊಂದು ಬೇರೆ ಲಿನಕ್ಸ್

ಇದು ಅಕ್ಕನ ಮಗನ ದಾರಿ. ಒಂದು ಆ್ಯಪ್ ಅಲ್ಲ, ನೂರಾರು ಪ್ಯಾಕೇಜ್‌ಗಳ ಇಡೀ ಪರಿವಾರವೇ 22.04 ಕೇಳುತ್ತಿದೆ. 24.04ಕ್ಕೆ ಇರುವುದು ಆರ್‌ಒಎಸ್ 2ರ 'ಜ್ಯಾಝಿ'. ಕಾಲೇಜಿನ ಲ್ಯಾಬ್ ಹಂಬಲ್‌ನಲ್ಲಿದೆ, ಅವನೊಬ್ಬನೇ ಬದಲಾಯಿಸಲಿಕ್ಕಾಗುವುದಿಲ್ಲ. ಹಂಬಲ್‌ನ ರೆಪಾಸಿಟರಿಯನ್ನು 24.04ಕ್ಕೆ ಸೇರಿಸಿದರೆ ಗಂಟು ಗ್ಯಾರಂಟಿ.

ಡಿಸ್ಟ್ರೋಬಾಕ್ಸ್ ಅನ್ನುವ ಉಪಕರಣ, ಪಾಡ್‌ಮ್ಯಾನ್ ಅಥವಾ ಡಾಕರ್ ಅನ್ನುವ ಕಂಟೇನರ್ ಸಾಫ್ಟ್‌ವೇರ್ ಬಳಸಿ, ನಿಮ್ಮ ಲಿನಕ್ಸ್ ಒಳಗೇ ಇನ್ನೊಂದು ಲಿನಕ್ಸ್ ಕೊಡುತ್ತದೆ. 24.04ರ ಒಳಗೆ 22.04. ಕೋಣೆ ಬೇರೆ, ಮನೆ ಒಂದೇ: ನಿಮ್ಮ ಹೋಮ್ ಫೋಲ್ಡರ್, ಸ್ಕ್ರೀನ್, ಯುಎಸ್‌ಬಿ ಎಲ್ಲ ಅಲ್ಲಿಂದಲೂ ಸಿಗುತ್ತವೆ. ಒಳಗೆ ಏನೇ ಕೆಟ್ಟರೂ ಆ ಕೋಣೆ ಅಳಿಸಿ ಹೊಸತು ಮಾಡಿದರೆ ಆಯ್ತು. ಆದರೆ ಹೋಮ್ ಒಂದೇ ಆದ ಕಾರಣ ಎರಡೂ ಕಡೆಯ ಸೆಟ್ಟಿಂಗ್ ಫೈಲ್‌ಗಳು ಬೆರೆಯುತ್ತವೆ. ಅವನಿಗೆ ನಾನು ಕೋಣೆ ಮಾಡುವಾಗಲೇ ಬೇರೆ ಹೋಮ್ ಫೋಲ್ಡರ್ ಕೊಡಲು ಹೇಳಿದೆ. ಡಿಸ್ಕ್‌ನಲ್ಲಿ ಕೆಲವು ಜಿಬಿ ಹೋಗುತ್ತದೆ, ಟರ್ಮಿನಲ್ ಬರಬೇಕು. ಅಂಗಡಿಗೆ ನಾನು ಇದನ್ನು ಹೇಳುವುದಿಲ್ಲ.

ಪೈಥಾನ್ ಕಲಿಯುವವರಿಗೆ ಇಷ್ಟೂ ಬೇಡ, ಪ್ರಾಜೆಕ್ಟ್‌ಗೊಂದು 'ವೆನ್ವ್' (ಪೈಥಾನ್ ಪ್ಯಾಕೇಜ್‌ಗಳಿಗೆ ಬೇರೆಯದೇ ಜಾಗ) ಸಾಕು. ಡೆಬಿಯನ್ 12, ಉಬುಂಟು 23.04ರಿಂದ ಈಚೆ, ಪೈಥಾನ್ ಪ್ಯಾಕೇಜ್ ಹಾಕುವ ಪಿಪ್ ನೇರವಾಗಿ ಸಿಸ್ಟಂ ಒಳಗೆ ಕೈ ಹಾಕಲು ಹೋದರೆ 'ಎಕ್ಸ್‌ಟರ್ನಲಿ ಮ್ಯಾನೇಜ್ಡ್' ಅಂತ ತಡೆಯುತ್ತದೆ. ಆ ತಡೆಯನ್ನು ಮುರಿಯುವ ಆಯ್ಕೆಯೂ ಇದೆ, ಮುರಿಯಬೇಡಿ. ಸಿಸ್ಟಂನ ಪೈಥಾನನ್ನೇ ಬೇರೆ ವರ್ಷನ್‌ಗೆ ತಿರುಗಿಸಿದವರಿಗೆ ಟರ್ಮಿನಲ್ ತೆರೆಯುವುದೇ ನಿಂತದ್ದುಂಟು. ಗ್ನೋಮ್‌ನ ಟರ್ಮಿನಲ್ ಕೂಡ ಆ ಪೈಥಾನನ್ನೇ ನಂಬಿದೆ.

ಹಿಂದಕ್ಕೆ ಹೋಗುವುದು, ಇಲ್ಲ ಹೊಸತಾಗಿ ಹಾಕುವುದು

ಅಡಿಪಾಯವೇ ಕೆಟ್ಟಿದ್ದರೆ ಉಳಿಯುವುದು ಇವೆರಡು.

ಸಿಸ್ಟಂನ ಸ್ಥಿತಿಯನ್ನು ಆಗಾಗ ಉಳಿಸಿಡುವ ಟೈಮ್‌ಶಿಫ್ಟ್ ಮೊದಲೇ ಇಟ್ಟುಕೊಂಡಿದ್ದರೆ ನೀವು ಪುಣ್ಯವಂತರು. ನಿನ್ನೆಯ ಸ್ನ್ಯಾಪ್‌ಶಾಟ್ ಆರಿಸಿ, ರೀಸ್ಟೋರ್ ಒತ್ತಿ, ಸ್ವಲ್ಪ ಹೊತ್ತಿಗೆ ಸಿಸ್ಟಂ ನಿನ್ನೆಯ ಸ್ಥಿತಿಗೆ ಬರುತ್ತದೆ. ಡೆಸ್ಕ್‌ಟಾಪ್ ತೆರೆಯದಿದ್ದರೂ ಲೈವ್ ಪೆನ್‌ಡ್ರೈವ್‌ನಿಂದ ಮಾಡಬಹುದು. ಹೋಮ್ ಫೋಲ್ಡರನ್ನು ಅದು ಸಾಮಾನ್ಯವಾಗಿ ಮುಟ್ಟುವುದಿಲ್ಲ, ನಿಮ್ಮ ಫೋಟೋ, ಕಡತ ಹಾಗೇ ಇರುತ್ತವೆ. ಅದೇ ಕಾರಣಕ್ಕೆ ಅದು ಕಡತಗಳ ಬ್ಯಾಕಪ್ ಅಲ್ಲ.

ಒಂದು ವಿಷಯ ಮಾತ್ರ ಜೋರಾಗಿ ಹೇಳಬೇಕು. ಮೈಎಸ್‌ಕ್ಯುಎಲ್‌ನಂಥ ಡೇಟಾಬೇಸ್‌ನಲ್ಲಿ ಅಂಗಡಿಯ ಲೆಕ್ಕ ಇಟ್ಟಿದ್ದರೆ, ಆ ಫೈಲ್ ಇರುವುದು ಹೋಮ್‌ನಲ್ಲಲ್ಲ, 'ವಾರ್' ಫೋಲ್ಡರ್‌ನಲ್ಲಿ. ರೀಸ್ಟೋರ್ ಮಾಡಿದರೆ ಲೆಕ್ಕವೂ ನಿನ್ನೆಗೆ ಹೋಗುತ್ತದೆ, ಇವತ್ತು ಬರೆದ ಬಿಲ್ ಎಲ್ಲ ಮಾಯ. ಮೊದಲು ಡೇಟಾಬೇಸ್‌ನ ಕಾಪಿ ತೆಗೆದಿಡಿ.

ಹೊಸ ಇನ್‌ಸ್ಟಾಲ್ ಅಂದರೆ ಸೋಲು ಅಂತ ಭಾವಿಸುವವರಿದ್ದಾರೆ. ಅಲ್ಲ. ಐದಾರು ಪಿಪಿಎ ಬೆರೆತು, ಡೆಬಿಯನ್‌ನ ರೆಪಾಸಿಟರಿಯನ್ನು ಉಬುಂಟುಗೆ ಸೇರಿಸಿ, ಎರಡು ಗಂಟೆ ಕೂತರೂ ಬುಡ ಸಿಗದಿದ್ದರೆ ಮೂರನೇ ಗಂಟೆ ಹಾಳು ಮಾಡಬೇಡಿ. ಸಾಧಾರಣ ಎಸ್‌ಎಸ್‌ಡಿಯಲ್ಲಿ ಮಿಂಟ್ ಅರ್ಧ ಗಂಟೆಯ ಒಳಗೆ ಕೂರುತ್ತದೆ. ಹೊತ್ತು ಹಿಡಿಯುವುದು ಆಮೇಲೆ: ಪ್ರಿಂಟರ್, ಫಾಂಟ್, ಕೀಬೋರ್ಡ್. ಅಳಿಸುವ ಮೊದಲು 'ಆಪ್ಟ್-ಮಾರ್ಕ್ ಶೋಮ್ಯಾನ್ಯುಯಲ್' ಕೊಟ್ಟು ನೀವಾಗಿ ಹಾಕಿದ ಪ್ಯಾಕೇಜ್‌ಗಳ ಪಟ್ಟಿಯನ್ನು ಒಂದು ಫೈಲ್‌ಗೆ ಇಳಿಸಿಕೊಳ್ಳಿ. ಹೊಸತಾಗಿ ಹಾಕುವಾಗ ಹೋಮ್‌ಗೆ ಬೇರೆ ಪಾರ್ಟಿಷನ್ ಕೊಡಿ, ಮುಂದಿನ ಸಲ ಕೆಲಸ ಅರ್ಧ.

ಹಾಗಾದರೆ ಯಾರಿಗೆ ಯಾವುದು?

ಒಂದು ಆ್ಯಪ್‌ನ ಹೊಸ ವರ್ಷನ್ ಬೇಕು, ಡೇಟಾ ಇದೆ: ಫ್ಲಾಟ್‌ಪ್ಯಾಕ್. ಡೇಟಾ ಇಲ್ಲ: ಆ್ಯಪ್‌ಇಮೇಜ್, ಇಲ್ಲವೇ ರೆಪಾಸಿಟರಿಯ ಹಳೆ ವರ್ಷನ್ನೇ ಸಾಕಾ ಅಂತ ಒಮ್ಮೆ ಯೋಚಿಸಿ. ಎಷ್ಟೋ ಸಲ ಸಾಕು. ಈಗಾಗಲೇ ಗಂಟು ಬಿದ್ದಿದೆ, ಡೆಸ್ಕ್‌ಟಾಪ್ ಇನ್ನೂ ನಿಂತಿದೆ: ಪಿಪಿಎ ಹಿಂದಕ್ಕೆ ಎಳೆದು ಡೌನ್‌ಗ್ರೇಡ್. ಡೆಸ್ಕ್‌ಟಾಪೇ ಬರುತ್ತಿಲ್ಲ: ಟೈಮ್‌ಶಿಫ್ಟ್ ಇದ್ದರೆ ಅದು, ಇಲ್ಲದಿದ್ದರೆ ಕಡತ ಕಾಪಿ ಮಾಡಿ ಹೊಸ ಇನ್‌ಸ್ಟಾಲ್. ವಿದ್ಯಾರ್ಥಿಗಳಿಗೆ, ಪ್ರೋಗ್ರಾಂ ಬರೆಯುವವರಿಗೆ ಡಿಸ್ಟ್ರೋಬಾಕ್ಸ್ ಮತ್ತು ವೆನ್ವ್. ಎನ್‌ವಿಡಿಯಾ ಡ್ರೈವರ್ ಮತ್ತು ಕರ್ನಲ್ ನಡುವಿನ ಜಗಳವಾದರೆ ಬೂಟ್ ಮೆನುವಿನಲ್ಲಿ ಹಳೆ ಕರ್ನಲ್ ಆರಿಸಿ ಒಳಗೆ ಹೋಗಿ, ಆಮೇಲೆ 'ಡ್ರೈವರ್ ಮ್ಯಾನೇಜರ್'ನಿಂದಲೇ ಡ್ರೈವರ್ ಬದಲಾಯಿಸಿ. ಹೊರಗಿನ ಇನ್‌ಸ್ಟಾಲರ್ ಬೇಡ.

ಉಡುಪಿಯ ಅಂಗಡಿಗೆ ಆ ಸಂಜೆ ನಾನು ಹೇಳಿದ್ದು ಎರಡು ಹಂತ. ಗಂಟಿಗೆ ಅವತ್ತು ಕೈ ಹಾಕಬೇಡಿ, ಮೊದಲು ಜಿಂಪ್‌ನ ಆ್ಯಪ್‌ಇಮೇಜ್ ಇಳಿಸಿ ಕೆಲಸ ಮುಗಿಸಿ ಅಂದೆ. ಮೆನು ಹೊಸತಾದರೂ ಹ್ಯಾಂಡ್‌ಬಿಲ್ ಹನ್ನೊಂದು ಗಂಟೆಗೆ ಪ್ರಿಂಟ್‌ಗೆ ಹೋಯಿತು. ಭಾನುವಾರ ಮಧ್ಯಾಹ್ನ ಅಂಗಡಿ ಬಾಗಿಲು ಅರ್ಧ ಹಾಕಿ, ಫೋನ್ ಸ್ಪೀಕರ್‌ನಲ್ಲಿಟ್ಟು, ಅವರೇ ಮೇಂಟೆನೆನ್ಸ್‌ನ ಆ ಬಟನ್ ಒತ್ತಿದರು. ಪಟ್ಟಿಯಲ್ಲಿ ಜೆಗಲ್, ಬಾಬ್ಲ್ ಜೊತೆಗೆ ಯಾವತ್ತೋ ಸೇರಿಸಿ ಮರೆತ ಇನ್ನೊಂದು ಪಿಪಿಎಯ ಮೂರು ಪ್ಯಾಕೇಜ್‌ಗಳೂ ಇದ್ದವು. ಎಲ್ಲವನ್ನೂ ಇಳಿಸಿ, ಜಿಂಪ್ 2.10 ಹಾಕಿ, ಟೈಮ್‌ಶಿಫ್ಟ್‌ನಲ್ಲಿ ಮೊದಲ ಸ್ನ್ಯಾಪ್‌ಶಾಟ್ ತೆಗೆಯುವಾಗ ನಾಲ್ಕು ಗಂಟೆ. "ಇದು ಇಷ್ಟೇಯಾ?" ಅಂದರು. ಆ ಪಿಪಿಎಯ ಹೆಸರನ್ನು ಅವರು ಮಾನಿಟರ್‌ನ ಅಂಚಿಗೆ ಚೀಟಿ ಬರೆದು ಅಂಟಿಸಿದ್ದಾರೆ, ಮತ್ತೆ ಸೇರಿಸಬಾರದು ಅಂತ.